ಆಟದ ಮೈದಾನದಲ್ಲಿ ಮಕ್ಕಳ ಮನಸ್ಸು ಮುರಿಯದಿರಲಿ

(ಬ್ಲಫ್‌ನಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘದ ಸಭೆ ಅಂದರೆ ಉಳಿತಾಯ, ಸಾಲ, ಕಂತು, ಬಡ್ಡಿ ಇಷ್ಟೇ ಮಾತು ಅಂತ ಹೊರಗಿನವರು ತಿಳಿದಿದ್ದಾರೆ. ಆದರೆ ನಮ್ಮ ಸಂಘಗಳಲ್ಲಿ ಹೆಂಡದಂಗಡಿ ಮಾತು ಬಂದಿದೆ, ಬಾಲ್ಯ ವಿವಾಹದ ಮಾತು ಬಂದಿದೆ, ಕುಡಿಯುವ ನೀರಿನ ಮಾತು ಬಂದಿದೆ. ಇವತ್ತು ಸಾಮಾನ್ಯವಾಗಿ ಯಾರೂ ಎತ್ತದ ಒಂದು ವಿಷಯ ಎತ್ತುತ್ತೇನೆ. ನಮ್ಮ ಮಕ್ಕಳು ಕಬಡ್ಡಿ, ಖೋ ಖೋ, ವಾಲಿಬಾಲ್, ಓಟ ಅಂತ ಮೈದಾನಕ್ಕೆ ಹೋಗುತ್ತಾರಲ್ಲ, ಅಲ್ಲಿ ಅವರಿಗೆ ಆಟ ಕಲಿಸುವವರು ಆಡುವ ಮಾತಿನ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಟ ಒಳ್ಳೆಯದು. ನಮ್ಮ ಹೆಣ್ಣುಮಕ್ಕಳಿಗಂತೂ ಬಹಳ ಒಳ್ಳೆಯದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದರು. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಹೊಳೆ ಆಚೆಯ ಹುಡುಗಿಗೆ ಆದದ್ದು ಹೊಳೆ ಈಚೆಯ ನಮ್ಮ ಹುಡುಗಿಯರಿಗೆ ಆಗಬಾರದು ಅಂತ ಏನೂ ಇಲ್ಲ. ಹಾಗಾಗಿ ಈ ಮಾತು ಕೇಳಿ ಮಗಳನ್ನು ಆಟ ಬಿಡಿಸಬೇಡಿ. ಆಟದಲ್ಲೇ ಉಳಿಸಿಕೊಳ್ಳುವುದು ಹೇಗೆ ಅಂತ ಯೋಚಿಸಿ.

ಶಿಸ್ತು ಯಾವುದು, ಹಿಂಸೆ ಯಾವುದು?

ಪಿ.ಟಿ. ಮೇಷ್ಟ್ರು ಗಟ್ಟಿಯಾಗಿ ಕೂಗಿದರೆ ಅದೆಲ್ಲ ಹಿಂಸೆಯಾ? ಅಲ್ಲ. "ಕಾಲು ಸರಿಯಾಗಿ ಇಡು, ಇನ್ನೂ ಎರಡು ಸುತ್ತು ಓಡು, ನಾಳೆ ತಡ ಮಾಡಬೇಡ" ಅಂದರೆ ಅದು ಶಿಸ್ತು. ಅಲ್ಲಿ ತಪ್ಪಿನ ಬಗ್ಗೆ ಮಾತಿದೆ, ತಿದ್ದುವ ದಾರಿಯೂ ಇದೆ.

"ಎಮ್ಮೆ ಥರ ಇದ್ದೀಯ, ನಿನ್ನ ಕೈಲಿ ಏನಾಗುತ್ತೆ", "ಗಂಡುಬೀರಿ", "ನಿಮ್ಮಪ್ಪ ಕುಡುಕ, ನೀನೂ ಅಷ್ಟೇ", "ನಿಮ್ಮ ಕೇರಿಯವರ ಬುದ್ಧಿಯೇ ಇಷ್ಟು" ಅಂದರೆ ಅದು ಶಿಸ್ತಲ್ಲ. ಅಲ್ಲಿ ಆಟದ ಮಾತೇ ಇಲ್ಲ. ಮಗುವಿನ ಮೈ, ಬಣ್ಣ, ಬಡತನ, ಜಾತಿ, ಮನೆತನ ಇವನ್ನೆಲ್ಲ ಎಳೆದು ತಂದು ಹತ್ತು ಜನರ ಮುಂದೆ ಹರಾಜು ಹಾಕುವ ಕೆಲಸ ಅದು.

ಹಿಂಸೆ ಬರೀ ಬೈಗುಳದಲ್ಲಿ ಇರುವುದಿಲ್ಲ. ಸೋತ ಹುಡುಗಿಯ ಜೊತೆ ಯಾರೂ ಮಾತಾಡಬೇಡಿ ಅನ್ನುವುದು, ಒಂದು ಮಗುವನ್ನು ವಾರಗಟ್ಟಲೆ ಕಡೆಗಣಿಸುವುದು, ಬಿಸಿಲಲ್ಲಿ ನೀರು ಕುಡಿಯಲು ಬಿಡದಿರುವುದು, ತೂಕ ಹೆಚ್ಚಾಯಿತು ಅಂತ ಊಟ ಬಿಡಿಸುವುದು, ಮುಟ್ಟಾಗಿ ಹೊಟ್ಟೆ ನೋವು ಅಂದವಳಿಗೆ "ನಾಟಕ ಆಡ್ತೀಯಾ" ಅಂತ ಎಲ್ಲರ ಎದುರು ಕೇಳುವುದು, "ಮನೇಲಿ ಹೇಳಿದರೆ ತಂಡದಿಂದ ತೆಗೆದುಬಿಡ್ತೀನಿ" ಅಂತ ಹೆದರಿಸುವುದು, ಇವೂ ಹಿಂಸೆಯೇ. ಮೈ ಮೇಲೆ ಗಾಯ ಕಾಣದಿದ್ದರೂ ಇದು ಹಿಂಸೆ.

ನಮ್ಮ ಬ್ಲಫ್‌ನವರಿಗೆ ಇದನ್ನು ಹೇಳುವುದು ಸುಲಭ. ಇಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರನ್ನು ಕೊಳವೆಯಲ್ಲಿ ಇಳಿಸಿ ವಿದ್ಯುತ್ ತೆಗೆದು, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ಕೊಳವೆ ನೀರಿಗೆ ದಾರಿ ತೋರಿಸುತ್ತದೆ, ಅದಕ್ಕೇ ಬೆಳಕು ಬರುತ್ತದೆ. ಶಿಸ್ತು ಅಂದರೆ ಆ ಕೊಳವೆ ಇದ್ದ ಹಾಗೆ. ನೀರಿನ ಮೂಲವನ್ನೇ ಒಣಗಿಸಿದರೆ ಎಂಥ ಕೊಳವೆ ಇದ್ದು ಏನು ಪ್ರಯೋಜನ?

ಬೈದರೆ ಚೆನ್ನಾಗಿ ಆಡುತ್ತಾರಾ?

"ಛಡಿ ಛಂ ಛಂ, ವಿದ್ಯೆ ಘಂ ಘಂ" ಅಂತ ನಮ್ಮಲ್ಲಿ ಮಾತಿದೆ. ಎಷ್ಟೋ ತಂದೆ ತಾಯಿಗಳು ಶಾಲೆಗೆ ಹೋಗಿ "ಎರಡು ಕಣ್ಣು ಬಿಟ್ಟು ಎಲ್ಲಿಗೆ ಬೇಕಾದ್ರೂ ಹೊಡೀರಿ ಸಾರ್" ಅಂತ ತಾವೇ ಅಪ್ಪಣೆ ಕೊಟ್ಟು ಬರುತ್ತಾರೆ. ಇದು ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ.

ಹೆದರಿದ ಮಗುವಿನ ಮೈ ಬಿಗಿಯುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ. ಎದುರಾಳಿಯನ್ನು ನೋಡಬೇಕಾದ ಕಣ್ಣು ಪದೇ ಪದೇ ಕೋಚ್ ಕಡೆ ಹೋಗುತ್ತದೆ. ಆಗ ತಪ್ಪು ಜಾಸ್ತಿ ಆಗುತ್ತದೆ. ತಪ್ಪು ಆದಷ್ಟೂ ಬೈಗುಳ, ಬೈದಷ್ಟೂ ತಪ್ಪು. ಕೊನೆಗೆ ಮಗು "ನನಗೆ ಆಟ ಬೇಡ" ಅನ್ನುತ್ತದೆ. ಹುಡುಗ ಆದರೆ ಬೀದಿ ಸುತ್ತುತ್ತಾನೆ. ಹುಡುಗಿ ಆದರೆ? "ಆಟವೂ ಬಿಟ್ಟಳು, ಓದೂ ಅಷ್ಟಕ್ಕಷ್ಟೇ, ಒಂದು ಗಂಡು ನೋಡೋಣ" ಅನ್ನುವ ಮಾತು ಮನೆಯಲ್ಲಿ ಶುರುವಾಗುತ್ತದೆ. ಮೈದಾನದಲ್ಲಿ ಆಡಿದ ಒಂದು ಮಾತು ಒಂದು ಹುಡುಗಿಯ ಇಡೀ ಬದುಕಿನ ದಿಕ್ಕು ತಪ್ಪಿಸಬಹುದು.

ಕೋಚ್‌ಗಳೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಸ್ವಂತ ದುಡ್ಡಿನಲ್ಲಿ ಮಕ್ಕಳಿಗೆ ಬಾಳೆಹಣ್ಣು ತಂದುಕೊಟ್ಟು, ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ಅಂತ ಕರೆದುಕೊಂಡು ಹೋಗುವ ಮೇಷ್ಟ್ರುಗಳು ಎಷ್ಟೋ ಜನ ಇದ್ದಾರೆ. ಕೆಲವರು ಬೈಯುವುದು ಏಕೆಂದರೆ ಅವರನ್ನೂ ಹಾಗೇ ಬೈದು ಬೆಳೆಸಿದ್ದಾರೆ. ಕಪ್ ಬರಲೇಬೇಕು ಅನ್ನುವ ಒತ್ತಡವೂ ಅವರ ಮೇಲಿದೆ. ಕಾರಣ ಅರ್ಥ ಮಾಡಿಕೊಳ್ಳೋಣ. ಆದರೆ ಕಾರಣ ಇದೆ ಅಂತ ಮಕ್ಕಳು ಸಹಿಸಿಕೊಳ್ಳಬೇಕಾಗಿಲ್ಲ.

ಕೇಳದೆ ಹೋದ ಕೂಗುಗಳು

ಇದು ಒಂದೂರಿನ ಕಥೆ ಅಲ್ಲ. ದಕ್ಷಿಣ ಕೊರಿಯಾ ದೇಶದಲ್ಲಿ ಚೋಯ್ ಸುಕ್ ಹ್ಯೊನ್ ಎಂಬ ಟ್ರಯಥ್ಲಾನ್ ಆಟಗಾರ್ತಿ ಇದ್ದಳು. ಈಜು, ಸೈಕಲ್, ಓಟ ಮೂರೂ ಸೇರಿದ ಆಟ ಅದು. ತಂಡದ ಕೋಚ್ ಮತ್ತು ಜೊತೆಯವರು ವರ್ಷಗಟ್ಟಲೆ ಬೈದರು, ಹೊಡೆದರು, ತೂಕದ ನೆಪದಲ್ಲಿ ಊಟದ ವಿಷಯದಲ್ಲೂ ಹಿಂಸಿಸಿದರು. ಅವಳು ಸುಮ್ಮನೆ ಇರಲಿಲ್ಲ. ಮಾತುಗಳನ್ನು ರೆಕಾರ್ಡ್ ಮಾಡಿಕೊಂಡಳು, ಹಲವು ಕಚೇರಿಗಳಿಗೆ ದೂರು ಕೊಟ್ಟಳು. ಯಾರೂ ಬೇಗ ಎದ್ದು ಬರಲಿಲ್ಲ. 2020ರ ಜೂನ್‌ನಲ್ಲಿ, 22ನೇ ವಯಸ್ಸಿನಲ್ಲಿ ಅವಳು ಪ್ರಾಣ ಕಳೆದುಕೊಂಡಳು. 2021ರಲ್ಲಿ ನ್ಯಾಯಾಲಯ ಆ ಕೋಚ್‌ಗೆ 7 ವರ್ಷ ಜೈಲು ಶಿಕ್ಷೆ ಕೊಟ್ಟಿತು. ಶಿಕ್ಷೆ ಬಂತು, ಹುಡುಗಿ ಬರಲಿಲ್ಲ.

ಬ್ರಿಟನ್‌ನಲ್ಲಿ ಜಿಮ್ನಾಸ್ಟಿಕ್ಸ್ ಆಟದ ಬಗ್ಗೆ ನಡೆದ ತನಿಖೆಯ ವರದಿ 2022ರಲ್ಲಿ ಹೊರಬಂತು. 400ಕ್ಕೂ ಹೆಚ್ಚು ಹೇಳಿಕೆಗಳು ಬಂದಿದ್ದವು. ಅರ್ಧಕ್ಕಿಂತ ಹೆಚ್ಚು ಹೇಳಿಕೆಗಳಲ್ಲಿ ಮಾನಸಿಕ ಹಿಂಸೆಯ ಮಾತಿತ್ತು. ನಮ್ಮ ದೇಶದಲ್ಲಿ 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಅಂಥ ಕುಸ್ತಿಪಟುಗಳೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತು, ಕುಸ್ತಿ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗುತ್ತಿದೆ ಅಂತ ಆರೋಪ ಮಾಡಿದರು. ಪದಕ ತಂದವರೇ ಬೀದಿಗೆ ಬರಬೇಕಾದರೆ, ಹಳ್ಳಿ ಶಾಲೆಯ ಹನ್ನೆರಡು ವರ್ಷದ ಹುಡುಗಿ ಬಾಯಿ ಬಿಡುವುದು ಎಷ್ಟು ಕಷ್ಟ ಯೋಚಿಸಿ.

ನಮ್ಮದೇ ಮಂಡ್ಯ ಜಿಲ್ಲೆಯ ಕಟ್ಟೇರಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಆದದ್ದು ನಿಮಗೆ ನೆನಪಿರಬಹುದು. ಅದು ಆಟದ ವಿಷಯ ಅಲ್ಲ. ವಿದ್ಯಾರ್ಥಿನಿ ನಿಲಯದ ಹುಡುಗಿಯರು ಮುಖ್ಯೋಪಾಧ್ಯಾಯರೊಬ್ಬರು ಕಿರುಕುಳ ಕೊಡುತ್ತಿದ್ದಾರೆ ಅಂತ ತಾವೇ ದೊಣ್ಣೆ ಹಿಡಿದು ನಿಂತರು. ಆ ಮೇಲೆ ಪೊಲೀಸರು ಬಂದರು. ಆ ಹುಡುಗಿಯರ ಧೈರ್ಯ ದೊಡ್ಡದು. ಆದರೆ ಮಕ್ಕಳು ದೊಣ್ಣೆ ಹಿಡಿಯುವ ತನಕ ದೊಡ್ಡವರ ಕಿವಿಗೆ ಏನೂ ಬೀಳದೆ ಇದ್ದರೆ ಅದು ದೊಡ್ಡವರಿಗೆ ಶೋಭೆ ಅಲ್ಲ.

ತಾಯಿ ಏನು ಗಮನಿಸಬೇಕು?

ಮಕ್ಕಳು ಬಾಯಿಬಿಟ್ಟು ಹೇಳುವುದು ಕಡಿಮೆ. ಮೈ ಹೇಳುತ್ತದೆ. ಪ್ರಾಕ್ಟೀಸ್ ಇರುವ ದಿನವೇ ತಲೆನೋವು, ಹೊಟ್ಟೆನೋವು ಅನ್ನುವುದು, ಊಟ ಬಿಡುವುದು, ರಾತ್ರಿ ಬೆಚ್ಚಿ ಏಳುವುದು, ದೊಡ್ಡ ಮಗು ಹಾಸಿಗೆ ಒದ್ದೆ ಮಾಡುವುದು, ತಮ್ಮ ತಂಗಿಯರನ್ನು ಅದೇ ಮಾತಿನಲ್ಲಿ ಬೈಯುವುದು, "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನುವುದು. ಇವು ಒಂದೆರಡು ದಿನ ಇದ್ದರೆ ಬೇರೆ ಕಾರಣ ಇರಬಹುದು. ವಾರಗಟ್ಟಲೆ ಇದ್ದರೆ ಕೂತು ಕೇಳಿ.

ಹೇಗೆ ಕೇಳಬೇಕು? ಗೆದ್ದೆಯಾ, ಸೋತೆಯಾ ಅಂತ ಶುರು ಮಾಡಬೇಡಿ. ತಲೆ ಬಾಚುವಾಗ, ಸೊಪ್ಪು ಬಿಡಿಸುವಾಗ, "ಇವತ್ತು ಆಟ ಖುಷಿ ಆಯ್ತಾ ಮಗಾ? ಸಾರ್ ಏನಂದ್ರು?" ಅಂತ ಕೇಳಿ. "ಅವ್ವ, ಹೀಗಂದ್ರು" ಅಂತ ಮಗು ಹೇಳಿದರೆ "ನೀನೇನು ಮಾಡಿದ್ದೆ" ಅಂತ ತಿರುಗಿ ಬೀಳಬೇಡಿ. ಪೂರಾ ಕೇಳಿ. "ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿನ್ನದಲ್ಲ" ಅನ್ನಿ. ಅಷ್ಟಕ್ಕೇ ಮಗುವಿನ ಅರ್ಧ ಭಾರ ಇಳಿಯುತ್ತದೆ. ಮಗು ಸಾಯುವ ಮಾತಾಡಿದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಮಾತಾಡುತ್ತಾರೆ.

ಕಾನೂನು ನಮ್ಮ ಕಡೆ ಇದೆ

1. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಮೈದಾನವೂ ಶಾಲೆಯೇ.

2. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಾವಶ್ಯಕವಾಗಿ ದೈಹಿಕ ಅಥವಾ ಮಾನಸಿಕ ನೋವಾಗುವಂತೆ ಹಿಂಸಿಸಿದರೆ 3 ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ. ಮಕ್ಕಳ ಪಾಲನೆಯ ಹೊಣೆ ಹೊತ್ತ ಸಂಸ್ಥೆಯವರೇ ಮಾಡಿದರೆ ಜೈಲು 5 ವರ್ಷದವರೆಗೆ.

3. ಮೈ ಮುಟ್ಟುವುದು, ಕೆಟ್ಟ ಮಾತು, ಕೆಟ್ಟ ಸಂದೇಶ ಇದ್ದರೆ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಗೊತ್ತಿದ್ದೂ ಮುಚ್ಚಿಡುವುದು ಕೂಡ ಅಪರಾಧ. ಮಗುವಿನ ಹೆಸರು ಹೊರಗೆ ಬರಬಾರದು ಅಂತಲೂ ಕಾನೂನಿದೆ. ಹಾಗಾಗಿ ಮಾನ ಹೋಗುತ್ತೆ ಅಂತ ಹೆದರಬೇಡಿ.

4. 2025ರಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಹೆಣ್ಣುಮಕ್ಕಳು ಮತ್ತು ಚಿಕ್ಕ ಮಕ್ಕಳಿಗೆ ಸುರಕ್ಷಿತ ಕ್ರೀಡಾ ನೀತಿ ಇರಬೇಕು ಅಂತ ಹೇಳಿದೆ.

ಸಂಘ ಏನು ಮಾಡಬಹುದು?

ಒಬ್ಬ ತಾಯಿ ಹೋಗಿ ಕೇಳಿದರೆ "ನಿಮ್ಮ ಮಗಳದೇ ತಪ್ಪು" ಅನ್ನುತ್ತಾರೆ. ಹದಿನೈದು ಜನ ಸಂಘದವರು ಹೋಗಿ ಕೂತರೆ ಕುರ್ಚಿ ಹಾಕುತ್ತಾರೆ. ಬ್ಯಾಂಕಿನಲ್ಲಿ ನಾವು ಕಲಿತ ಪಾಠ ಇದೇ ಅಲ್ಲವೇ?

ಮೊದಲು ಬರೆದಿಡಿ. ಯಾವ ದಿನ, ಎಲ್ಲಿ, ಏನು ಅಂದರು, ಯಾರು ಕೇಳಿಸಿಕೊಂಡರು. ಮಗು ಹೇಳಿದ ಮಾತನ್ನೇ ಬರೆಯಿರಿ, ನಮ್ಮ ಮಾತು ಸೇರಿಸಬೇಡಿ. ಸುಳ್ಳು ದೂರು ಒಂದು ಹೋದರೆ ಆ ಮೇಲೆ ನಿಜ ದೂರು ಹತ್ತನ್ನು ಯಾರೂ ನಂಬುವುದಿಲ್ಲ.

ಬರೀ ಬಾಯಿ ಮಾತಿನ ದೋಷವಾದರೆ ಮೊದಲು ಮೇಷ್ಟ್ರ ಜೊತೆಯೇ ಗೌರವದಿಂದ ಮಾತಾಡಿ. "ಸಾರ್, ಆಟ ಕಲಿಸಿ, ತಪ್ಪು ತಿದ್ದಿ, ಆದರೆ ಈ ಮಾತು ಬೇಡ" ಅನ್ನಿ. ಎಷ್ಟೋ ಜನ ಅಷ್ಟಕ್ಕೇ ತಿದ್ದಿಕೊಳ್ಳುತ್ತಾರೆ. ಆಗದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಟ್ಟು, ಒಂದು ಪ್ರತಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ನಂತರ ಎಸ್.ಡಿ.ಎಂ.ಸಿ., ಆಮೇಲೆ ಬಿ.ಇ.ಓ. ಕಚೇರಿ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧ ಹೆಂಗಸರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆ ಜಾಗದಲ್ಲಿ ಹೆಸರಿಗೆ ಮಾತ್ರ ಕೂರಬೇಡಿ, ಬಾಯಿ ತೆಗೆಯಿರಿ.

ಹೊಡೆತ, ಲೈಂಗಿಕ ಕಿರುಕುಳ, ಜೀವಕ್ಕೆ ಅಪಾಯ ಇದ್ದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತುತ್ತಾ ಕೂರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ದುಡ್ಡು ಬೇಡ, 24 ಗಂಟೆಯೂ ಇರುತ್ತದೆ. ತುರ್ತಾದರೆ ಪೊಲೀಸ್ 112. ಮಂಡ್ಯದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ ಇವೆ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆದಾಗ ಮೈದಾನದ ವಿಷಯವನ್ನೂ ಮಕ್ಕಳೇ ಎತ್ತಲಿ, ಅವರಿಗೆ ಧೈರ್ಯ ಹೇಳಿ ಕಳುಹಿಸಿ.

ಬೇರೆ ಊರಿಗೆ ಪಂದ್ಯಕ್ಕೆ ಹೋಗುವಾಗ ಹುಡುಗಿಯರ ಜೊತೆ ಒಬ್ಬ ಶಿಕ್ಷಕಿಯೋ, ಒಬ್ಬ ತಾಯಿಯೋ ಇರಲೇಬೇಕು ಅಂತ ಕೇಳಿ. ಸಂಘದ ಇಬ್ಬರು ಸರದಿಯಂತೆ ತಿಂಗಳಿಗೊಮ್ಮೆ ಸಂಜೆ ಮೈದಾನದ ಬದಿ ಹೋಗಿ ಕೂರಿ. ಜಗಳಕ್ಕಲ್ಲ, ಚಪ್ಪಾಳೆ ತಟ್ಟಲಿಕ್ಕೆ. ನೋಡುವ ಕಣ್ಣಿದ್ದ ಕಡೆ ನಾಲಿಗೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಒಳ್ಳೆಯ ಕೋಚ್ ಇದ್ದರೆ ಅವರನ್ನು ಸಂಘದ ಸಭೆಗೆ ಕರೆದು ಒಂದು ಮಾತು ಕೃತಜ್ಞತೆ ಹೇಳಿ. ಅದೂ ನಮ್ಮ ಕರ್ತವ್ಯ.

ಕೊನೆಯ ಮಾತು

ಸಂತ ಪೌಲರು ಕೊಲೊಸ್ಸೆಯ ಕ್ರೈಸ್ತರಿಗೆ ಬರೆದ ಪತ್ರದಲ್ಲಿ, ಮಕ್ಕಳ ಮನಸ್ಸು ಕುಗ್ಗಿಹೋಗುವಂತೆ ಅವರನ್ನು ಕೆಣಕಬಾರದು ಅಂತ ತಂದೆಯರಿಗೆ ಬುದ್ಧಿ ಹೇಳಿದ್ದಾರೆ. ಯಾವ ಧರ್ಮದವರಾದರೂ ಒಪ್ಪುವ ಮಾತು ಇದು. ಮನೆಯಲ್ಲಿ ನಾವೇ "ದರಿದ್ರದವಳೇ" ಅಂತ ಕರೆದರೆ, ಮೈದಾನದಲ್ಲಿ ಬೇರೆಯವರು ಕರೆದಾಗ ಮಗು ಅದನ್ನು ತಪ್ಪು ಅಂತ ಗುರುತಿಸುವುದು ಹೇಗೆ? ಆದ್ದರಿಂದ ಒಳ್ಳೆಯ ಮಾತು ನಮ್ಮ ಒಲೆಯ ಮುಂದೆಯೇ ಶುರುವಾಗಲಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿಸಿಕೊಂಡ ಮೇಲೆ ಹತ್ತು ನಿಮಿಷ ಈ ವಿಷಯಕ್ಕೆ ಇಡಿ. ನಮ್ಮ ಊರಲ್ಲಿ ಯಾವ ಮಕ್ಕಳು ಆಟಕ್ಕೆ ಹೋಗುತ್ತಾರೆ, ಯಾರು ಮಧ್ಯದಲ್ಲಿ ಬಿಟ್ಟರು, ಏಕೆ ಬಿಟ್ಟರು ಅಂತ ಮಾತಾಡಿ, ಮಕ್ಕಳ ಹೆಸರು ಹಾಕದೆ ನಡವಳಿ ಪುಸ್ತಕದಲ್ಲಿ ಒಂದು ತೀರ್ಮಾನ ಬರೆಯಿರಿ. 1098 ಸಂಖ್ಯೆಯನ್ನು ಶಾಲೆಯ ಗೋಡೆ ಮೇಲೆ ಬರೆಸಿ.

 ನಿಮ್ಮ ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ.