ಮಗಳ ನರ್ಸಿಂಗ್ ಓದು ಮೊದಲ ಕೆಲಸಕ್ಕೇ ನಿಲ್ಲಬೇಕೇ?

(ಅನಂತಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ಉಳಿತಾಯದ ಲೆಕ್ಕ ಬದಿಗಿಡೋಣ. ಸಂಘಗಳ ಠರಾವು ಪುಸ್ತಕ ನೋಡುವಾಗ ಒಂದು ಸಂಗತಿ ನಮ್ಮ ಕಣ್ಣಿಗೆ ಬಿತ್ತು. ಮಗಳ ನರ್ಸಿಂಗ್ ಫೀ ಕಟ್ಟಲು ಸಾಲ ಪಡೆದ ತಾಯಂದಿರು ಇದ್ದಾರೆ, ಬಹಳ ಸಂತೋಷ. ಆದರೆ ಅದೇ ಮಗಳ ಮುಂದಿನ ಓದಿಗೆ ಸಾಲ ಕೇಳಿದವರು ಒಬ್ಬರೂ ಇಲ್ಲ. ಆ ಮನೆಗಳಿಂದ ಬಂದ ಎರಡನೇ ಅರ್ಜಿ ಮದುವೆ ಸಾಲದ್ದು. ಯಾಕ್ರೀ ಅಂತ ಕೇಳಿದರೆ, "ಸಿಸ್ಟರ್, ನರ್ಸ್ ಆದಳಲ್ಲ, ಇನ್ನೇನು ಓದೋದು?" ಅಂತಾರೆ.

ನಮ್ಮ ಸದಸ್ಯೆಯೊಬ್ಬರ ಮಗಳ ವಿಷಯ ಹೇಳ್ತೀವಿ, ಹೆಸರು ಬೇಡ. ಜಿ.ಎನ್.ಎಂ. ಮುಗಿಸಿ ಒಂದು ಸಣ್ಣ ನರ್ಸಿಂಗ್ ಹೋಮ್ ಸೇರಿದಳು. 15 ಹಾಸಿಗೆಯ ದವಾಖಾನೆ. ಅಲ್ಲಿಯವರು ಅವಳ ಅಸಲು ಸರ್ಟಿಫಿಕೇಟ್ ತಮ್ಮ ಹತ್ತಿರ ಇಟ್ಟುಕೊಂಡರು. ಐದು ವರ್ಷ ಹಗಲು-ರಾತ್ರಿ ದುಡಿದಳು, ಸಲೈನ್ ಹಚ್ಚಿದಳು, ಹೆರಿಗೆ ಮಾಡಿಸಿದಳು. ಆಮೇಲೆ ದಿಲ್ಲಿಯ ಏಮ್ಸ್‌ನವರು ನಡೆಸುವ ನಾರ್ಸೆಟ್ ಪರೀಕ್ಷೆಗೆ ಅರ್ಜಿ ಹಾಕಲು ಹೋದಾಗ ಗೊತ್ತಾಯಿತು, ಜಿ.ಎನ್.ಎಂ. ಓದಿದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಅವಳ ಐದು ವರ್ಷ ಲೆಕ್ಕಕ್ಕೆ ಬರಲಿಲ್ಲ! ಆ ಹುಡುಗಿ ಅತ್ತಳೋ ಇಲ್ಲವೋ ಗೊತ್ತಿಲ್ಲ, ತಾಯಿ ನಮ್ಮ ಮುಂದೆ ಕೂತು ಅತ್ತರು.

ನಾರ್ಸೆಟ್ 2020ರಲ್ಲಿ ಆರಂಭವಾಯಿತು. ಅದರಲ್ಲಿ ಪಾಸಾಗಿ ಕೆಲಸ ಸಿಕ್ಕವರಿಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 44,900 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ. ವಯಸ್ಸಿನ ಮಿತಿ 30 ವರ್ಷ, ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ಆದ್ದರಿಂದ ಕೋರ್ಸ್ ಮುಗಿದ ಕೂಡಲೆ ಎಲ್ಲಿ ಕೆಲಸಕ್ಕೆ ಸೇರುತ್ತಾಳೆ ಎಂಬುದನ್ನು ಮನೆಯವರು ವಿಚಾರಿಸಲೇಬೇಕು. ಮನೆಗೆ ಹತ್ತಿರ ಅಂತ ಮಾತ್ರ ನೋಡಬೇಡಿ. ಬಿಡುವಾಗ ಅನುಭವ ಪತ್ರ ಕೇಳಿ ಪಡೆಯಬೇಕು. ಅಸಲು ಸರ್ಟಿಫಿಕೇಟ್ ಯಾರ ಕೈಗೂ ಕೊಡಬಾರದು, ಝೆರಾಕ್ಸ್ ಕೊಟ್ಟರೆ ಸಾಕು.

ಇನ್ನು ಮೆಟ್ಟಿಲುಗಳು ಯಾವುವು? ಪಿಯುಸಿ ಯಾವ ವಿಭಾಗದವರಾದರೂ ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ ಓದಬಹುದು. ವಿಜ್ಞಾನದವರಿಗೆ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಜಿ.ಎನ್.ಎಂ. ಆದವಳು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಡಿಗ್ರಿಯವಳೇ ಆದಳು. ಬಹಳ ಮಂದಿಗೆ ಗೊತ್ತಿಲ್ಲದ ಮೆಟ್ಟಿಲು ಇದೇ ನೋಡ್ರಿ. ಅದಾದ ಮೇಲೆ ಒಂದು ವರ್ಷ ಅನುಭವವಿದ್ದರೆ ಎಂ.ಎಸ್ಸಿ., ನಂತರ ಕಾಲೇಜಿನಲ್ಲಿ ಕಲಿಸಬಹುದು. ಓದಲು ಅಷ್ಟು ಸಮಯವಿಲ್ಲ ಅನ್ನುವವರಿಗೆ ಐ.ಸಿ.ಯು., ಆಪರೇಷನ್ ಥಿಯೇಟರ್, ನವಜಾತ ಶಿಶು ಆರೈಕೆ ಇಂಥವುಗಳಲ್ಲಿ ಒಂದು ವರ್ಷದ ಡಿಪ್ಲೊಮಾ ಉಂಟು. ನಮ್ಮ ಸರ್ಕಾರಿ ದವಾಖಾನೆಯಲ್ಲಿ ಈಗ ಸ್ಟಾಫ್ ನರ್ಸ್ ಅನ್ನುವುದಿಲ್ಲ, ಶುಶ್ರೂಷಾಧಿಕಾರಿ ಅಂತಾರೆ. ಅಲ್ಲಿಂದ ಬಡ್ತಿಯಾಗಿ ಅಧೀಕ್ಷಕಿಯವರೆಗೆ ಹೋಗಬಹುದು. ಊರಲ್ಲೇ ಇರಬೇಕು ಅನ್ನುವವರಿಗೆ ಇನ್ನೊಂದು ದಾರಿ 2018ರಿಂದ ತೆರೆದಿದೆ: ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಆದರೆ ಅದು ಗುತ್ತಿಗೆ ಕೆಲಸ, ಇದನ್ನು ತಿಳಿದೇ ಸೇರಬೇಕು.

ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆ ಅಂದರೆ ಮಿರಜವೇ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು, ಮೂರು ವರ್ಷದಲ್ಲಿ ನರ್ಸಿಂಗ್ ಶಾಲೆಯೂ ಬಂತು. ಇವತ್ತಿಗೂ ನಮ್ಮ ಹುಡುಗಿಯರು ಗಡಿ ದಾಟಿ ಮಿರಜ, ಸಾಂಗಲಿಯಲ್ಲಿ ಓದುತ್ತಾರೆ. ತಪ್ಪಿಲ್ಲ. ಆದರೆ ಅಲ್ಲಿ ಓದಿದವಳ ಹೆಸರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಇರುತ್ತದೆ. ಈ ಕಡೆ ಕೆಲಸ ಬೇಕಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಕೆಲಸಕ್ಕೆ ಕರೆದಾಗ ಓಡಾಡಿದರೆ ಆಗೋದಿಲ್ಲ, ಮೊದಲೇ ಮಾಡಿಡಬೇಕು.

ನಮ್ಮ ತಪ್ಪನ್ನೂ ಹೇಳಬೇಕು. ಹಿಂದೊಮ್ಮೆ ಆರು ತಿಂಗಳ "ನರ್ಸಿಂಗ್" ತರಬೇತಿಗೆ ಹುಡುಗಿಯರನ್ನು ನಾವೇ ಕಳಿಸಿದೆವು. ಬಿಳಿ ಕೋಟು, ಫೋಟೋ, ಸರ್ಟಿಫಿಕೇಟ್ ಎಲ್ಲ ಸಿಕ್ಕವು. ಆದರೆ ಕೌನ್ಸಿಲ್‌ನಲ್ಲಿ ನೋಂದಣಿ ಆಗುವ ಕೋರ್ಸ್ ಅದಲ್ಲ. ಅವರಿಗೆ ಮುಂದೆ ಹತ್ತಲು ಮೆಟ್ಟಿಲೇ ಇರಲಿಲ್ಲ. ಈಗ ನಾವು ಫೀ ಕೇಳುವುದಕ್ಕಿಂತ ಮೊದಲು ಕೇಳುವುದು, ಈ ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯೇ, ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಅಂತ.

ಖಾಸಗಿಯಲ್ಲಿ ಸಂಬಳ ಕಡಿಮೆ, ನಿಜ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿಯೊಂದು, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದಲ್ಲಿ ಸರ್ಕಾರಿ ನರ್ಸ್‌ನಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದ ದವಾಖಾನೆಗಳು ಎಷ್ಟೋ. ಆದರೂ ಮಗಳಿಗೆ ಈ ಅಂಕಿ ಗೊತ್ತಿರಲಿ. ಸಂಬಳದ ಮಾತು ಬಂದಾಗ ಬಾಯಿ ಬರುತ್ತದೆ.

ವಿದೇಶದ ವಿಷಯ ಕೇಳಿದ್ದೀರಿ. ಹೋಗಬಹುದು, ಆಯಾ ದೇಶದ ಭಾಷಾ ಪರೀಕ್ಷೆ, ನರ್ಸಿಂಗ್ ಪರೀಕ್ಷೆ ಪಾಸಾಗಬೇಕು. ಆದರೆ ಏಜೆಂಟರಿಗೆ ಹೊಲ ಒತ್ತೆ ಇಟ್ಟು ಲಕ್ಷಗಟ್ಟಲೆ ಕೊಡಬೇಡಿ. ನೋಂದಾಯಿತ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ.

ಆ ನಮ್ಮ ಹುಡುಗಿ ಈಗ ದೊಡ್ಡ ಆಸ್ಪತ್ರೆಗೆ ಸೇರಿದ್ದಾಳೆ. ಸರ್ಟಿಫಿಕೇಟ್ ಬಿಡಿಸಿಕೊಳ್ಳಲು ಸಂಘದ ಇಬ್ಬರು ಅಕ್ಕಂದಿರು ಜೊತೆಗೆ ಹೋಗಿ ಕೂತರು. ಎರಡು ವರ್ಷ ತುಂಬಿತು, ಒಮ್ಮೆ ಪರೀಕ್ಷೆ ಬರೆದಳು, ಆಗಲಿಲ್ಲ, ಮತ್ತೆ ಓದುತ್ತಿದ್ದಾಳೆ. ಅವಳ ಮದುವೆಯ ಮಾತು ಬಂದಾಗ ತಾಯಿ ಹುಡುಗನ ಮನೆಯವರಿಗೆ, "ಪರೀಕ್ಷೆ ಬರೆಯೋದನ್ನ ಬಿಡಿಸೋದಿಲ್ಲ ಅಂತ ಮೊದಲು ಹೇಳ್ರಿ" ಅಂದರಂತೆ.

ಬ್ಯಾಂಕಿನ ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಆಸ್ತಿ ಒತ್ತೆ ಕೇಳುವಂತಿಲ್ಲ. ಅರ್ಜಿ ಹಾಕುವಾಗ, ಓಡಾಟಕ್ಕೆ, ಪುಸ್ತಕಕ್ಕೆ ಕಡಿಮೆ ಬಿದ್ದರೆ ಸಂಘದ ಆಂತರಿಕ ಸಾಲ ಇದೆ. ಮುಂದಿನ ಸಭೆಗೆ ನರ್ಸಿಂಗ್ ಓದಿದ ಮಗಳು, ಸೊಸೆ ಇರುವವರು ಅವರ ನೋಂದಣಿ ಪತ್ರದ ಝೆರಾಕ್ಸ್ ತನ್ನಿರಿ. ನವೀಕರಣದ ತಾರೀಖು ಮೀರಿದೆಯೇ ಅಂತ ಒಬ್ಬೊಬ್ಬರದೂ ಕೂತು ನೋಡೋಣ.