ಮುಚ್ಚಿದ ವ್ಯಾನು, ತೆರೆದ ಪಿಕಪ್ಪು

ಮೂವತ್ತೆರಡು ವರ್ಷ ಕನ್ನಡ ವ್ಯಾಕರಣವನ್ನು ಪಾಠ ಹೇಳಿದವನು ಆಟಿಕೆಯ ಮೋಟಾರುಗಳ ವಿಷಯವಾಗಿ ಮಾತನಾಡುತ್ತಾನೆಂದರೆ ಕೇಳುಗರಿಗೆ ಸೋಜಿಗವಾದೀತು. 2023ರ ಬೇಸಗೆಯಲ್ಲಿ ಮಗಳೊಡನೆ ಕೆಲವು ತಿಂಗಳು ಇರಲೆಂದು ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದೆ. ಪಕ್ಕದ ಮನೆಯವರು ಎಪ್ಪತ್ತು ದಾಟಿದ ಹಿರಿಯರು, ಯಂತ್ರದ ಕೆಲಸದಿಂದ ನಿವೃತ್ತರಾದವರು. ಅವರ ಹಿತ್ತಿಲಿನ ಮರದ ಶೆಡ್ಡಿನಲ್ಲಿ ಒಂದು ಮೇಜು. ಮೇಜಿನ ಮೇಲೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟದೊಂದು ವ್ಯಾನು. ನಾನು ಮೊದಲ ಸಲ ಹೋದ ದಿನ ಅವರು ಅದನ್ನು ಗರಗಸದಿಂದ ಕೊಯ್ಯುವ ಸನ್ನಾಹದಲ್ಲಿದ್ದರು.

ಅದು ಮಾರಿಸ್ ಮೈನರ್ ವ್ಯಾನಿನ ಪ್ರತಿಕೃತಿ. ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ ಕಾರು 1948ರಲ್ಲಿ ಹೊರಬಂದಿತು. ನಮ್ಮಲ್ಲಿ ಬೇಬಿ ಹಿಂದುಸ್ಥಾನ್ ಎಂಬ ಹೆಸರಿನಲ್ಲಿ ಓಡಾಡಿದ್ದೂ ಅದೇ ಕಾರು; ಹಿರಿಯ ಕೇಳುಗರಿಗೆ ಅದರ ದುಂಡುಮುಖ ನೆನಪಿರಬಹುದು. 1953ರಲ್ಲಿ ಅದರ ವ್ಯಾನೂ ಪಿಕಪ್ಪೂ ಬಂದವು. ಕಾರಿನಲ್ಲಿ ಒಡಲೂ ಚೌಕಟ್ಟೂ ಒಂದೇ. ಅದರ ಹಿಂಭಾಗವನ್ನು ಕೊಯ್ದರೆ ಗಾಡಿಯೇ ಬಲಗುಂದುತ್ತದೆ. ವ್ಯಾನು ಮತ್ತು ಪಿಕಪ್ಪುಗಳಿಗಾದರೋ ಅಡಿಯಲ್ಲಿ ಬೇರೆಯೇ ಷಾಸಿ ಇತ್ತು. ಮೂತಿಯಿಂದ ಚಾಲಕನ ಆಸನದವರೆಗೆ ಎರಡೂ ಒಂದೇ ಗಾಡಿ. ಅಲ್ಲಿಂದಾಚೆಗೆ ಒಂದಕ್ಕೆ ಮುಚ್ಚಿದ ಪೆಟ್ಟಿಗೆ, ಇನ್ನೊಂದಕ್ಕೆ ತೆರೆದ ತೊಟ್ಟಿ. ಆದುದರಿಂದ ಪುಟ್ಟ ವ್ಯಾನನ್ನು ಪಿಕಪ್ಪಾಗಿಸುವವನು ಕಾರ್ಖಾನೆಯ ದಾರಿಯಲ್ಲೇ ನಡೆಯುತ್ತಾನೆ.

ಪಿಕಪ್ಪಿನ ಆಟಿಕೆಯನ್ನೇ ಕೊಳ್ಳಬಾರದೇಕೆ ಎಂದು ನಾನು ಕೇಳಿದೆ. ಅವರು ನಕ್ಕರು. ವ್ಯಾನಿಗೆ ಚಪ್ಪಟೆಯಾದ ಪಕ್ಕಗಳಿವೆ. ಒಂದೇ ಅಚ್ಚಿನಲ್ಲಿ ಎರಕಹೊಯ್ದು ಇಂದು ಚಹಾದ ಕಂಪನಿಯ ಹೆಸರು, ನಾಳೆ ಅಂಚೆಯ ಇಲಾಖೆಯ ಮುದ್ರೆ ಹಾಕಿ ಮತ್ತೆ ಮತ್ತೆ ಮಾರಬಹುದು. ಮ್ಯಾಚ್‌ಬಾಕ್ಸ್ ಆಟಿಕೆಗಳನ್ನು ಬೆಳೆಸಿದ ಜ್ಯಾಕ್ ಓಡೆಲ್ 1982ರಲ್ಲಿ ತನ್ನ ಅಡ್ಡಹೆಸರನ್ನೇ ತಿರುಗುಮುರುಗು ಮಾಡಿ ಲೆಡೊ ಎಂಬ ಸಂಸ್ಥೆ ಕಟ್ಟಿದಾಗ ಹಿಡಿದದ್ದೂ ಬಹುಮಟ್ಟಿಗೆ ಈ ದಾರಿಯನ್ನೇ. ಪಿಕಪ್ಪಿನಲ್ಲಿ ಬರೆಯುವುದಕ್ಕೆ ಗೋಡೆಯೆಲ್ಲಿ?

ಅವರ ತಂದೆ ಈವ್‌ಷ್ಯಾಮಿನ ಬಳಿ ತೋಟಗಾರರು. ಪ್ಲಮ್ಮು, ತರಕಾರಿಗಳನ್ನು ತುಂಬಿಕೊಂಡು ನಸುಕಿನಲ್ಲೇ ಪೇಟೆಗೆ ಹೊರಡುತ್ತಿದ್ದ ಪಿಕಪ್ಪು ಅವರದು. ಹುಡುಗ ಶಾಲೆಗೆ ಹೋಗಿದ್ದ ಒಂದು ದಿನ ಅದು ಗುಜರಿಗೆ ಹೋಯಿತು. ದುಡಿದ ಗಾಡಿಗಳ ಗತಿಯೇ ಅದು. ಒಪ್ಪವಾಗಿ ಉಳಿಯುವುದು ಭಾನುವಾರದ ಕಾರುಗಳು.

ಈ ಆಟಿಕೆಗಳನ್ನು ಡೈಕಾಸ್ಟ್ ಎನ್ನುತ್ತಾರೆ. ನೂರಕ್ಕೆ ಸುಮಾರು ನಾಲ್ಕು ಪಾಲು ಅಲ್ಯೂಮಿನಿಯಂ ಬೆರೆತ ಸತುವನ್ನು ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ ಮಾಡಿದವು. ಇವರ ವ್ಯಾನು ನಿಜದ ಗಾಡಿಯ ನಲವತ್ತಮೂರನೆಯ ಒಂದು ಪಾಲು. ಅಸಲು ಮೈನರಿನ ಮುಂದಿನ ಹಿಂದಿನ ಚಕ್ರಗಳ ನಡುವೆ 86 ಅಂಗುಲ. ಇಲ್ಲಿ ಎರಡೇ ಅಂಗುಲ. ತಳದ ರಿವೆಟ್ಟುಗಳ ತಲೆಯನ್ನು ಬೈರಿಗೆಯಿಂದ ಕೊರೆದು ಬಿಡಿಸಿದರು. ಬಣ್ಣವನ್ನು ರಾಸಾಯನಿಕದಿಂದ ಕಳಚಿದರು. ಚಾಲಕನ ಕೋಣೆಯ ಹಿಂದೆ ಅಂಟುಪಟ್ಟಿ ಹಚ್ಚಿ ಗೆರೆ ಗುರುತಿಸಿ, ಅಕ್ಕಸಾಲಿಗರ ಗರಗಸದಂಥ ಕೂದಲೆಳೆಯ ಅಲಗಿನಿಂದ ಕೊಯ್ಯತೊಡಗಿದರು. ಸಂಗ್ರಾಹಕರ ಕಣ್ಣಿಗೆ ಇದು ಕೆಡುಕಿನ ಕೆಲಸ. ಡಬ್ಬಿಯಲ್ಲಿ ಹಾಗೆಯೇ ಇದ್ದಿದ್ದರೆ ಅದಕ್ಕೊಂದು ಬೆಲೆಯಿತ್ತು. ಕೊಯ್ದಮೇಲೆ ಹಿಂದಿರುಗುವ ಮಾತಿಲ್ಲ. ಆ ಅರ್ಧ ಗಂಟೆ ನಾವಿಬ್ಬರೂ ಮಾತಾಡಲಿಲ್ಲ.

ಅನಂತರ ಅರದಿಂದ ಉಜ್ಜುವ ಕೆಲಸ. ಮೆತುವಾದ ಸತು ಅರದ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮೊದಲು ಸೀಮೆಸುಣ್ಣ ಬಳಿಯಬೇಕು. ಆ ಕೆಲಸವನ್ನು ನಾನೇ ಕೇಳಿ ಪಡೆದೆ. ನನ್ನ ಬೆರಳಿಗೆ ಪಳಗಿದ ಸಾಮಗ್ರಿ ಆ ಶೆಡ್ಡಿನಲ್ಲಿ ಅದೊಂದೇ! ಹಿಂದಿನ ಚಾವಣಿ ಹೋದದ್ದು ಲೋಪ, ಕೋಣೆಗೆ ಕಿಟಕಿಯುಳ್ಳ ಹಿಂಗೋಡೆ ಬಂದದ್ದು ಆಗಮ, ಜೋಡಿ ಬಾಗಿಲ ಸ್ಥಾನದಲ್ಲಿ ಕೆಳಕ್ಕೆ ಮಗುಚುವ ಹಲಗೆ ನಿಂತದ್ದು ಆದೇಶ ಎಂದು ಮನಸ್ಸಿನಲ್ಲೇ ಸಂಧಿ ಬಿಡಿಸಿಕೊಂಡೆ. ಅವರಿಗೆ ಹೇಳಲಿಲ್ಲ.

ನಿಜವಾದ ತೊಡಕು ತೋರಿದ್ದು ಆಮೇಲೆ. ಎರಕದ ಗೋಡೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ದಪ್ಪ. ಒಂದೇ ಮಿಲಿಮೀಟರೆಂದುಕೊಂಡರೂ ಗಾಡಿಯ ಲೆಕ್ಕದಲ್ಲಿ ಅದು 43 ಮಿಲಿಮೀಟರು. ಅಸಲು ಗಾಡಿಯ ತಗಡಾದರೋ ತೆಳ್ಳನೆಯದು. ವ್ಯಾನಿನಲ್ಲಿ ಈ ದಪ್ಪ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಒಳಗನ್ನು ಯಾರೂ ನೋಡುವುದಿಲ್ಲ. ಪಿಕಪ್ಪಿನ ತೊಟ್ಟಿಯಲ್ಲಿ ಅದು ಕೋಟೆಯ ಗೋಡೆಯಂತೆ ಕಾಣುತ್ತದೆ. ಒಳಮೈಯನ್ನು ದಿನಗಟ್ಟಲೆ ಉಜ್ಜಿ ಅಂಚನ್ನು ತೆಳುಮಾಡಿದರು. ನೆಲಕ್ಕೂ ಹಿಂಗೋಡೆಗೂ ಪ್ಲಾಸ್ಟಿಕ್ ಹಾಳೆ ಕತ್ತರಿಸಿದರು. ಈ ಲೋಹಕ್ಕೆ ಸಾಮಾನ್ಯ ಬೆಸುಗೆ ಒಗ್ಗದು; ಎಪಾಕ್ಸಿ ಅಂಟು, ಪುಟ್ಟಿಗಳೇ ಗತಿ. ತೊಟ್ಟಿಯ ಎಡಮೂಲೆಯಲ್ಲಿ ಒಂದು ತಗ್ಗು ಮೂಡಿಸಿದರು. ತಂದೆ ತಕ್ಕಡಿಯ ಕಲ್ಲುಗಳನ್ನು ಎಸೆಯುತ್ತಿದ್ದ ಜಾಗವಂತೆ.

ಉಳಿದದ್ದು ಬಣ್ಣ. ಇರುವುದು ಒಂದೇ ಛಾಯಾಚಿತ್ರ, ಕಪ್ಪುಬಿಳುಪಿನದು. ಗಾಡಿ ಕಡುಹಸುರೆಂದು ಇವರ ನೆನಪು. ಬೂದುಬಣ್ಣವೆಂದು ಇವರ ಅಕ್ಕನ ಪಂತ. ಕಪ್ಪುಬಿಳುಪಿನಲ್ಲಿ ಎರಡೂ ಒಂದೇ. ಪಾಠಾಂತರಗಳನ್ನು ತೂಗಿ ಅಭ್ಯಾಸವಾದ ನನ್ನನ್ನೂ ಕೇಳಿದರು. ಭೂತಗನ್ನಡಿಯಲ್ಲಿ ನೋಡಿದೆ. ಕಂಡದ್ದು ಬಾಗಿಲಿಗೊರಗಿ ನಿಂತ ಮನುಷ್ಯನ ಸುಕ್ಕುಬಿದ್ದ ಕೋಟು ಮಾತ್ರ.

ಮೊದಲ ಅಸ್ತರು ಬಳಿದದ್ದು ಬೂದುಬಣ್ಣದ್ದು; ಎಲ್ಲ ಬಣ್ಣಗಳ ಅಡಿಗೂ ಬಳಿಯುವಂಥದು. "ಅಕ್ಕ ಇದನ್ನು ನೋಡಿದರೆ ಕೆಲಸ ಮುಗಿಯಿತೆಂದಾಳು" ಎಂದು ಅವರು ಅದನ್ನು ಬಟ್ಟೆಯಿಂದ ಮುಚ್ಚಿಟ್ಟರು. ಮೊನ್ನೆ ಮಗಳು ಫೋನಿನಲ್ಲಿ ಹೇಳಿದಳು: ಗಾಡಿ ಇನ್ನೂ ಅಸ್ತರಿನಲ್ಲೇ ಇದೆಯಂತೆ, ಹಿಂದಿನ ಹಲಗೆಯ ಅಂಚನ್ನು ಮಾತ್ರ ಇನ್ನೊಮ್ಮೆ ಉಜ್ಜಿದ್ದಾರಂತೆ.