ಚೂರುಗಳ ಗುಡ್ಡದಿಂದ ರೋಮಿನ ಪಾಠ



ಪ್ರಾಚೀನ ರೋಮಿನ ನಾಗರಿಕತೆಯ ಬಗ್ಗೆ ಪದವಿ ತರಗತಿಗೊಂದು ಪ್ರವೇಶ ಪಠ್ಯ ರೂಪಿಸಲು ನಾವು ಇಲ್ಲಿ ಸೇರಿದ್ದೇವೆ. ಪಾಠ ಎಲ್ಲಿಂದ ಶುರುವಾಗಬೇಕು ಎಂಬ ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ರೂಢಿಯ ದಾರಿ ಎಲ್ಲರಿಗೂ ಗೊತ್ತು. ತೋಳದ ಹಾಲು ಕುಡಿದ ಅವಳಿಗಳು, ಕ್ರಿ.ಪೂ. 753ರ ಐತಿಹ್ಯ, 509ರ ಗಣರಾಜ್ಯ, 44ರಲ್ಲಿ ಸೀಸರನ ಕೊಲೆ, ಆಮೇಲೆ ಚಕ್ರವರ್ತಿಗಳ ಸಾಲು. ನಾನೂ ಹಾಗೇ ಓದಿದೆ, ಬಹಳ ಕಾಲ ಹಾಗೇ ಕಲಿಸಿದೆ. ಇಸವಿಗಳು ಬೇಕು. ಆದರೆ ಅವುಗಳಿಂದಲೇ ಆರಂಭಿಸಿದರೆ ಮಕ್ಕಳು ಎಲ್ಲವನ್ನೂ ತಲೆಬಗ್ಗಿಸಿ ಬರೆದುಕೊಳ್ಳುತ್ತಾರೆ. ‘ಇದು ನಿಮಗೆ ಹೇಗೆ ಗೊತ್ತಾಯಿತು ಸಾರ್?’ ಎಂದು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆ ಮೊದಲ ದಿನವೇ ಹುಟ್ಟಬೇಕು. ಅದಕ್ಕೆ ನಾನು ಆರಿಸುವ ಜಾಗ ರೋಮ್ ನಗರದ ಟೆಸ್ಟಾಚೊ ಗುಡ್ಡ. ಟೈಬರ್ ನದಿಯ ಹತ್ತಿರ, ಸುಮಾರು 35 ಮೀಟರ್ ಎತ್ತರ. ದೂರದಿಂದ ಹುಲ್ಲು ಬೆಳೆದ ದಿಬ್ಬ. ಅಗೆದರೆ ಮಣ್ಣಿಲ್ಲ, ಮಡಕೆಯ ಚೂರುಗಳೇ. ಆಂಫೊರಾ ಎಂಬ ಎರಡು ಹಿಡಿಕೆಯ ಗುಡಾಣಗಳಲ್ಲಿ ಸ್ಪೇನಿನ ದಕ್ಷಿಣ ಭಾಗದಿಂದ, ಸ್ವಲ್ಪ ಮಟ್ಟಿಗೆ ಉತ್ತರ ಆಫ್ರಿಕಾದಿಂದ, ಆಲಿವ್ ಎಣ್ಣೆ ಬರುತ್ತಿತ್ತು. ಒಂದೊಂದರಲ್ಲಿ ಸುಮಾರು 70 ಲೀಟರ್. ಎಣ್ಣೆ ಹೀರಿ ಕಮಟು ಹಿಡಿದ ಗುಡಾಣ ಮತ್ತೆ ಉಪಯೋಗಕ್ಕೆ ಬಾರದು. ಒಡೆದು ಅಚ್ಚುಕಟ್ಟಾಗಿ ಪೇರಿಸಿ, ವಾಸನೆ ತಡೆಯಲು ಮೇಲೆ ಸುಣ್ಣ ಎರಚುತ್ತಿದ್ದರು. ಕಸ ಹಾಕುವುದಕ್ಕೂ ಅಲ್ಲಿ ಕ್ರಮವಿತ್ತು!

ಇನ್ನೂ ದೊಡ್ಡ ಬೆರಗು ಚೂರುಗಳ ಮೇಲಿನ ಬರಹ. ಖಾಲಿ ಗುಡಾಣದ ತೂಕ, ಎಣ್ಣೆಯ ತೂಕ, ಸಾಗಿಸಿದ ವರ್ತಕನ ಹೆಸರು, ತಪಾಸಣೆಯ ವಿವರ, ಕೆಲವದರಲ್ಲಿ ವರ್ಷ. ಹೈನ್ರಿಕ್ ಡ್ರೆಸೆಲ್ ಎಂಬ ವಿದ್ವಾಂಸ 19ನೇ ಶತಮಾನದಲ್ಲಿ ಇವನ್ನು ಕೂತು ಓದಿದ. ಹತ್ತು ಲಕ್ಷ ಜನರಿದ್ದರೆಂದು ವಿದ್ವಾಂಸರು ಅಂದಾಜಿಸುವ ಊರಿಗೆ ಎಣ್ಣೆ ಬಂದದ್ದು ಹೇಗೆ, ಲೆಕ್ಕ ಇಟ್ಟವರು ಯಾರು, ಹಡಗು ಯಾರದು? ಒಂದು ಚೂರು ಕೈಗಿತ್ತರೆ ಪ್ರಾಂತ್ಯಾಡಳಿತ, ತೆರಿಗೆ, ಬಂದರು, ಅಡುಗೆಮನೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ.

ವರ್ತಕನ ಹೆಸರಿದೆ, ಕಾಯಿ ಕಿತ್ತವರ, ಗುಡಾಣ ಹೊತ್ತವರ ಹೆಸರಿಲ್ಲ. ಅವರಲ್ಲಿ ಎಷ್ಟೋ ಜನ ಗುಲಾಮರು. ಈ ಗುಡ್ಡ ಬೆಳೆಯುವುದಕ್ಕೂ ಬಹಳ ಮೊದಲೇ ವಾರೊ ಎಂಬ ಮಹಾವಿದ್ವಾಂಸ, ಬೇಸಾಯದ ಸಲಕರಣೆಗಳನ್ನು ಎಣಿಸುವಾಗ ಬಂಡಿ, ಎತ್ತುಗಳ ಸಾಲಿನಲ್ಲೇ ಗುಲಾಮರನ್ನೂ ಸೇರಿಸಿದ್ದ. ರೋಮಿನ ಕಾನೂನು, ಕಮಾನು, ರಸ್ತೆಗಳನ್ನು ಮೆಚ್ಚಿ ಕಲಿಸುವ ನಾವು ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಇದರಲ್ಲಿ ನನಗೆ ರಾಜಿಯಿಲ್ಲ.

ಆದರೆ ಕೆಲವೊಮ್ಮೆ ಆ ಕಾಲದವರ ದನಿ ನೇರವಾಗಿಯೇ ಕೇಳುತ್ತದೆ. ಬ್ರಿಟನ್ನಿನ ವಿಂಡೊಲಾಂಡ ಎಂಬ ಸೇನಾ ಠಾಣ್ಯದಲ್ಲಿ ತೆಳು ಮರದ ಹಲಗೆಗಳ ಮೇಲಿನ ಪತ್ರಗಳು ಸಿಕ್ಕಿವೆ. ಕ್ರಿ.ಶ. 100ರ ಸುಮಾರಿಗೆ ಕ್ಲಾಡಿಯಾ ಸೆವೆರಾ ಎಂಬಾಕೆ ಗೆಳತಿಯನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಪತ್ರ ಬರೆದದ್ದು ಲಿಪಿಕಾರ. ಕೊನೆಯ ಅಕ್ಕರೆಯ ಸಾಲುಗಳು ಮಾತ್ರ ಅವಳದೇ ಕೈಬರಹ.

ನಮ್ಮ ನೆಲದಲ್ಲೂ ಆಧಾರಗಳಿವೆ. 1891ರಲ್ಲಿ ಯಶವಂತಪುರದಲ್ಲಿ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ದೊರೆತವು. ಇವನ್ನು ಹೆಮ್ಮೆಗೆಂದು ತೋರಿಸುವುದು ಬೇಡ. ಆ ಬೆಳ್ಳಿ ಯಾವ ಸರಕಿಗೆ ಬದಲಾಗಿ, ಯಾರ ಕೈ ದಾಟಿ ಒಳನಾಡಿಗೆ ಬಂತು ಎಂದು ಮಕ್ಕಳೇ ಊಹಿಸಲಿ, ವಾದಿಸಲಿ.

ಊಟದ ನಂತರದ ಗೋಷ್ಠಿಯಲ್ಲಿ ಟೆಸ್ಟಾಚೊದ ಚೂರೊಂದರ ಚಿತ್ರವನ್ನು ನಿಮಗೆಲ್ಲ ಹಂಚುತ್ತೇವೆ. ದಯವಿಟ್ಟು ಮೊದಲ ವರ್ಷದ ವಿದ್ಯಾರ್ಥಿಯಂತೆ ಕೂತು, ಮನಸ್ಸಿಗೆ ಬಂದ ಪ್ರಶ್ನೆಗಳನ್ನು ಬರೆದುಕೊಡಿ. ಪಠ್ಯದ ಘಟಕಗಳನ್ನು ಆ ಚೀಟಿಗಳಿಂದಲೇ ಕಟ್ಟಲು ಆರಂಭಿಸೋಣ.